‘ಆಗ್ತಾ ಇದೆ ಸರ್’ ಅಂದ್ರೆ ಎಷ್ಟು ಆಗಿದೆ?

ಸಾಫ್ಟ್‌ವೇರ್ ಕೆಲಸದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಪೈಥಾನ್ ಕಲೀಬೇಕಾ ಜಾವಾ ಕಲೀಬೇಕಾ ಅಂತ ಕೇಳುತ್ತಾರೆ ಅಂದುಕೊಂಡು ಉತ್ತರ ಮೊದಲೇ ರೆಡಿ ಮಾಡಿ ಇಟ್ಟುಕೊಂಡಿದ್ದೆ. ಅದು ಕೆಲಸಕ್ಕೆ ಬರಲಿಲ್ಲ. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಮಾತಿನ ಗೋಳು. ಮೀಟಿಂಗಿನಲ್ಲಿ ಬಾಯಿ ಕಟ್ಟುತ್ತೆ, ಬರೆದ ಮೇಲ್ ತಪ್ಪಾಗಿ ಅರ್ಥ ಆಯ್ತು, ಬಾಸ್ ಏನು ಕೇಳಿದರು ಅಂತಲೇ ಗೊತ್ತಾಗಲಿಲ್ಲ, ಇಂಥವು. ಸರಿ, ಈ ಸಲ ಅದನ್ನೇ ಮಾತಾಡೋಣ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನಾನು ದಾವಣಗೆರೆಯಲ್ಲೇ ಹುಟ್ಟಿ, ಇಲ್ಲೇ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಕೋಡ್ ಬರೆದು, 2020ರಲ್ಲಿ ಎಲ್ಲರ ಹಾಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದು, ಮತ್ತೆ ವಾಪಸ್ ಹೋಗದೆ ಉಳಿದವಳು. ಇಲ್ಲಿ ಹೇಳುವುದರಲ್ಲಿ ಅರ್ಧದಷ್ಟು ನಾನೇ ಪೆಟ್ಟು ತಿಂದು ಕಲಿತದ್ದು.

ಪ್ರಶ್ನೆ: ಅಕ್ಕ, ನಾನು ಕಂಪ್ಯೂಟರ್ ಸೈನ್ಸ್ ಕೊನೇ ವರ್ಷ. ಜಗಳೂರು ಕಡೆ ಹಳ್ಳಿ ನಮ್ಮದು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕೋಡಿಂಗ್ ಟೆಸ್ಟ್ ಎಲ್ಲಾ ಪಾಸಾಗ್ತೀನಿ. ಇಂಟರ್‌ವ್ಯೂಗೆ ಕೂತ ತಕ್ಷಣ ಗಂಟಲು ಒಣಗುತ್ತೆ. ಮೂರು ಕಂಪನಿಯಲ್ಲಿ ಹೀಗೇ ಆಯ್ತು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಎಂಟು ಸಾವಿರ ಕೇಳ್ತಿದ್ದಾರೆ. ಅಪ್ಪನ ಹತ್ರ ಕೇಳೋಕೆ ಮನಸ್ಸು ಬರ್ತಿಲ್ಲ. ಸೇರಲಾ ಬೇಡ್ವಾ?
– ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡಪ್ಪ. ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡು. ನಿನ್ನ ಪ್ರಾಜೆಕ್ಟ್ ಏನು ಅಂತ ನಿಮ್ಮ ಅವ್ವನಿಗೆ ಕನ್ನಡದಲ್ಲೇ ಎರಡು ನಿಮಿಷ ಹೇಳು. ಅವರಿಗೆ ಅರ್ಥ ಆಯಿತಾ? ಅರ್ಥ ಆಗಿದ್ದರೆ ನಿನಗೆ ಇರುವುದು ಇಂಗ್ಲಿಷಿನ ತೊಂದರೆ. ಆಗದಿದ್ದರೆ ಅದು ಇಂಗ್ಲಿಷಿನ ತೊಂದರೆಯೇ ಅಲ್ಲ, ಎಂಟು ಸಾವಿರ ಕೊಟ್ಟರೂ ಹೋಗುವುದಿಲ್ಲ.

ಯಾಕೆ ಹೇಳುತ್ತೇನೆ ಅಂದರೆ, ಇಲ್ಲಿನ ಹುಡುಗರಿಗೆ ಅಭ್ಯಾಸಕ್ಕೆ ಅಂತ ಇಂಟರ್‌ವ್ಯೂ ಮಾಡಲು ನಾನು ಆಗಾಗ ಹೋಗಿ ಕೂರುತ್ತೇನೆ. ಹತ್ತರಲ್ಲಿ ಎಂಟು ಜನ ಶುರು ಮಾಡುವುದೇ ‘ಮೈಸೆಲ್ಫ್’ ಅಂತ. ಆಮೇಲೆ ಅಪ್ಪನ ಹೆಸರು, ಊರು, ಹಾಬಿ ಕ್ರಿಕೆಟ್. ಪ್ರಾಜೆಕ್ಟ್ ಬಗ್ಗೆ ಹೇಳಪ್ಪ ಅಂದರೆ ‘ಮೈ ಪ್ರಾಜೆಕ್ಟ್ ಈಸ್ ಎ ವೆಬ್ ಬೇಸ್ಡ್ ಅಪ್ಲಿಕೇಷನ್ ಯೂಸಿಂಗ್ ರಿಯಾಕ್ಟ್, ನೋಡ್, ಮಾಂಗೋಡಿಬಿ’ ಅಂತ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಯಾರು ಬಳಸ್ತಾರೆ ಅದನ್ನ ಅಂತ ಕೇಳಿದರೆ ಮುಗೀತು, ಕಣ್ಣು ಮೇಲೆ ಹೋಗುತ್ತೆ.

ಹೋದ ವರ್ಷ ಹೀಗೇ ಒಬ್ಬ ಹುಡುಗ ಕೂತಿದ್ದ. ಬೆವರುತ್ತಿದ್ದ ಪಾಪ. ಇಂಗ್ಲಿಷ್ ಬಿಡು, ನನ್ನ ಜೊತೆ ಮಾತಾಡೋ ಹಾಗೆ ಮಾತಾಡು ಅಂದೆ. ಆಗ ಹೇಳಿದ: ‘ನಮ್ಮ ಮಾವ ಮೆಕ್ಕೆಜೋಳ ಬೆಳೀತಾರೆ ಮೇಡಂ. ಎಪಿಎಂಸಿಯಲ್ಲಿ ಇವತ್ತು ರೇಟ್ ಎಷ್ಟು ಅಂತ ಗೊತ್ತಿಲ್ಲದೆ ಟ್ರ್ಯಾಕ್ಟರ್ ತುಂಬ್ಕೊಂಡು ಬಂದುಬಿಡ್ತಾರೆ. ಬಂದ ಮೇಲೆ ವಾಪಸ್ ಒಯ್ಯೋಕಾಗಲ್ಲ, ಕೇಳಿದ ರೇಟಿಗೆ ಕೊಟ್ಟು ಹೋಗ್ತಾರೆ. ಬೆಳಗ್ಗೆನೇ ರೇಟು ಅವರ ಫೋನಿಗೆ ಎಸ್‌ಎಂಎಸ್ ಬರೋ ಹಾಗೆ ಮಾಡಿದ್ದೀವಿ.’

ನೋಡು, ಎಷ್ಟು ಚೆನ್ನಾಗಿದೆ! ಇದನ್ನೇ ಇಂಗ್ಲಿಷಿನಲ್ಲಿ ಹೇಳು ಅಂದೆ. ತಡವರಿಸಿಕೊಂಡು ಹೇಳಿದ: ‘ಮೈ ಅಂಕಲ್ ಗ್ರೋಸ್ ಮೇಜ್. ಹಿ ಡಸ್ ನಾಟ್ ನೋ ಟುಡೇಸ್ ರೇಟ್. ಅವರ್ ಪ್ರಾಜೆಕ್ಟ್ ಸೆಂಡ್ಸ್ ದ ರೇಟ್ ಬೈ ಎಸ್‌ಎಂಎಸ್.’ ಮೂರೇ ಮೂರು ವಾಕ್ಯ, ಐದನೇ ಕ್ಲಾಸಿನ ವ್ಯಾಕರಣ. ಇಷ್ಟು ಕೇಳಿದ ಮೇಲೆ ಎದುರು ಕೂತವರು ರೇಟು ಎಲ್ಲಿಂದ ತರ್ತೀಯ, ಮೆಸೇಜು ಹೋಗದಿದ್ದರೆ ಏನು ಮಾಡ್ತೀಯ ಅಂತ ಕೇಳಿಯೇ ಕೇಳುತ್ತಾರೆ, ಅದೆಲ್ಲ ಅವನು ಕೈಯಾರೆ ಮಾಡಿದ್ದು, ಬಾಯಿಪಾಠ ಬೇಕಿಲ್ಲ.

ಇನ್ನು ಗಂಟಲು ಒಣಗುವ ವಿಷಯ. ಪ್ರಶ್ನೆ ಅರ್ಥ ಆಗದಿದ್ದರೆ ‘ಇನ್ನೊಂದ್ಸಲ ಹೇಳ್ತೀರಾ’ ಅಂತ ಕೇಳು. ಅದು ತಪ್ಪಲ್ಲ. ಅರ್ಥ ಆಗದೆ ತಲೆ ಆಡಿಸಿ ಬೇರೆ ಏನೋ ಹೇಳುತ್ತಾರಲ್ಲ, ನಾನು ಮಾರ್ಕ್ಸ್ ಕಡಿಮೆ ಮಾಡುವುದು ಅಂಥವರಿಗೆ. ಒಂದು ಹಾಳೆ ಪೆನ್ನು ಕೇಳಿ ಇಸ್ಕೊ, ಬಾಕ್ಸ್ ಬರೆದು ಬಾಣ ಎಳೆದು ತೋರಿಸು. ಚಿತ್ರ ಬರೀತಾ ಮಾತಾಡಿದರೆ ಕೈಗೆ ಕೆಲಸ ಇರುತ್ತೆ, ಭಯ ಅರ್ಧ ಇಳಿಯುತ್ತೆ. ಮನೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊ. ಮೊದಲ ಮೂರು ದಿನ ನಿನ್ನ ದನಿ ನಿನಗೇ ಹೇಸಿಗೆ ಅನ್ನಿಸುತ್ತೆ, ಎಲ್ಲರಿಗೂ ಹಾಗೇ, ಆಮೇಲೆ ಹೋಗುತ್ತೆ.

ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಿನಗೆ ಮೋಸ ಮಾಡಿದ ಹಾಗೆ. ಈ ಕೆಲಸದಲ್ಲಿ ಓದುವುದು ಬರೆಯುವುದು ಬಹುತೇಕ ಅದರಲ್ಲೇ. ಆದರೆ ಅದು ಕೆಲಸ ಮಾಡುತ್ತಾ ಬರುತ್ತೆ. ನನಗೂ ಹಾಗೇ ಬಂತು.

ಪ್ರಶ್ನೆ: ಮೂರು ವರ್ಷದಿಂದ ಡೆವಲಪರ್, ಈಗ ಮನೆಯಿಂದಲೇ ಕೆಲಸ. ಈ ಸಲದ ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಷನ್ ಸುಧಾರಿಸಬೇಕು’ ಅಂತ ಬರೆದು ರೇಟಿಂಗ್ ಇಳಿಸಿದ್ದಾರೆ. ನಾನು ಕಾನ್ವೆಂಟಿನಲ್ಲಿ ಓದಿದವನು, ನನ್ನ ಇಂಗ್ಲಿಷ್ ನಮ್ಮ ಲೀಡ್‌ಗಿಂತ ಚೆನ್ನಾಗಿದೆ. ದಿನಾ ಸ್ಟ್ಯಾಂಡಪ್‌ನಲ್ಲಿ (ಟೀಮಿನ ದಿನದ ಚಿಕ್ಕ ಮೀಟಿಂಗ್) ಅಪ್‌ಡೇಟ್ ಕೊಡ್ತೀನಿ. ನೋಡಿ ಬೇಕಾದರೆ, ಒಂದು ವಾರದ್ದು ಬರೆದು ಕಳಿಸಿದ್ದೀನಿ. ಇನ್ನೇನು ಬೇಕಂತೆ ಇವರಿಗೆ?
– ಹೆಸರು ಬೇಡ, ಹರಿಹರ

ಉತ್ತರ: ಕಳಿಸಿದ್ದು ಒಳ್ಳೆಯದಾಯಿತು ನೋಡಿ, ಉತ್ತರ ಅದರಲ್ಲೇ ಇದೆ. ಓದುಗರಿಗೂ ತೋರಿಸುತ್ತೇನೆ. ಸೋಮವಾರ: ‘ಪೇಮೆಂಟ್ ಪೇಜ್ ಕೆಲಸ ನಡೀತಿದೆ.’ ಮಂಗಳವಾರ: ‘ನಡೀತಿದೆ.’ ಬುಧವಾರ: ‘ಆಲ್‌ಮೋಸ್ಟ್ ಡನ್.’ ಗುರುವಾರ: ‘ಆಲ್‌ಮೋಸ್ಟ್ ಡನ್.’ ಶುಕ್ರವಾರ: ‘ಒಂದು ಸಣ್ಣ ಇಶ್ಯೂ ಇದೆ, ಸೋಮವಾರ ಆಗುತ್ತೆ.’ ಆ ಸಣ್ಣ ಇಶ್ಯೂ ಏನಪ್ಪಾ ಅಂದರೆ ಬ್ಯಾಂಕಿನವರು ಕೊಡಬೇಕಿದ್ದ ಟೆಸ್ಟ್ ಕೀ (ಪರೀಕ್ಷೆ ಮಾಡಿ ನೋಡೋಕೆ ಬೇಕಾದ ಒಂದು ಥರದ ಪಾಸ್‌ವರ್ಡ್) ಬಂದೇ ಇಲ್ಲ. ಮಂಗಳವಾರವೇ ಗೊತ್ತಿತ್ತು ಅಂತ ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ! ಮಂಗಳವಾರ ಹೇಳಿದ್ದರೆ ನಿಮ್ಮ ಲೀಡ್ ಒಂದು ಫೋನ್ ಮಾಡಿ ಬುಧವಾರ ತರಿಸುತ್ತಿದ್ದರೋ ಏನೋ.

ನಾವು ಫೋನಿನಲ್ಲಿ ‘ಇಲ್ಲೇ ಜಯದೇವ ಸರ್ಕಲ್ ಹತ್ರ ಇದ್ದೀನಿ, ಐದೇ ನಿಮಿಷ’ ಅನ್ನುವಾಗ ಇನ್ನೂ ಬಚ್ಚಲಿನಲ್ಲಿ ಇರುತ್ತೇವೆ. ಹೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು, ಅದು ಅರ್ಧ ಗಂಟೆ ಅಂತ. ಊರಲ್ಲಿ ನಡೆಯುತ್ತೆ. ಪುಣೆಯಲ್ಲೋ ಡಲ್ಲಾಸಿನಲ್ಲೋ ಕೂತವರಿಗೆ ಈ ಲೆಕ್ಕ ಗೊತ್ತಿಲ್ಲ. ‘ಆಲ್‌ಮೋಸ್ಟ್ ಡನ್’ ಅಂದರೆ ಅವರು ನಾಳೆ ಟೆಸ್ಟಿಂಗಿನವರನ್ನ ಕರೆದು ಕೂರಿಸುತ್ತಾರೆ.

ನಮ್ಮ ಕೆಲಸಕ್ಕೆ ಸಂಬಂಧ ಇಲ್ಲದ ಒಂದು ಘಟನೆ ಹೇಳುತ್ತೇನೆ, ಆದರೆ ಸ್ಟ್ಯಾಂಡಪ್‌ನಲ್ಲಿ ಕೂತಾಗಲೆಲ್ಲ ನನಗೆ ನೆನಪಾಗುವುದು ಅದೇ. 1990ರ ಜನವರಿ 25ರ ರಾತ್ರಿ ಕೊಲಂಬಿಯಾ ದೇಶದ ಅವಿಯಾಂಕಾ ವಿಮಾನ ನ್ಯೂಯಾರ್ಕಿಗೆ ಬರುವ ದಾರಿಯಲ್ಲಿ ಆಕಾಶದಲ್ಲೇ ಸುತ್ತುತ್ತಾ ಇತ್ತು. ಹವಾ ಸರಿ ಇರಲಿಲ್ಲ, ಇಳಿಯೋಕೆ ಸರದಿ. ಒಂದು ಗಂಟೆಗಿಂತ ಜಾಸ್ತಿ ಕಾಯಿಸಿದರು. ಇಂಧನ ಮುಗೀತಾ ಬಂದಿದೆ ಅಂತ ಸಹ ಪೈಲಟ್ ಕಂಟ್ರೋಲಿನವರಿಗೆ ಹೇಳಿದರು, ನಮಗೆ ಆದ್ಯತೆ ಬೇಕು ಅಂತಲೂ ಹೇಳಿದರು. ‘ಎಮರ್ಜೆನ್ಸಿ’ ಅನ್ನುವ ಒಂದು ಶಬ್ದ ಮಾತ್ರ ಹೇಳಲಿಲ್ಲ. ಕೆಳಗೆ ಕೂತವರಿಗೆ ಆ ಒಂದು ಶಬ್ದ ಕೇಳಿದ್ದರೆ ಉಳಿದ ವಿಮಾನ ಎಲ್ಲ ಪಕ್ಕಕ್ಕೆ ಸರಿಸಬೇಕು ಅಂತ ಗೊತ್ತಾಗುತ್ತಿತ್ತು. ಕೇಳಲಿಲ್ಲ. ಇಂಜಿನ್ ನಿಂತು ವಿಮಾನ ಬಿತ್ತು, 73 ಜನ ಹೋದರು.

ನಿಮ್ಮ ಪೇಮೆಂಟ್ ಪೇಜಿಗೆ ಯಾರ ಜೀವವೂ ಹೋಗಲ್ಲ, ಬಿಡಿ. ಆದರೆ ರೋಗ ಅದೇ. ವಿಷಯ ಹೇಳುತ್ತೀರಿ, ಎದುರಿನವರು ಎದ್ದು ಏನಾದರೂ ಮಾಡುವ ಹಾಗೆ ಹೇಳುವುದಿಲ್ಲ. ಮಂಗಳವಾರ ಹೀಗೆ ಬರೆಯಬಹುದಿತ್ತು: ‘ಪೇಮೆಂಟ್ ಪೇಜ್ ನಿಂತಿದೆ. ಬ್ಯಾಂಕಿನ ಟೆಸ್ಟ್ ಕೀ ಬಂದಿಲ್ಲ, ಎರಡು ಮೇಲ್ ಹಾಕಿದ್ದೇನೆ. ಬುಧವಾರ ಮಧ್ಯಾಹ್ನದೊಳಗೆ ಬರದಿದ್ದರೆ ಶುಕ್ರವಾರದ ರಿಲೀಸಿಗೆ ಇದು ಸೇರಲ್ಲ. ನೀವು ಒಂದು ಸಲ ಅವರ ಮ್ಯಾನೇಜರಿಗೆ ಫೋನ್ ಮಾಡಬೇಕು.’ ಕೆಟ್ಟ ಸುದ್ದಿ ಮೊದಲ ಸಾಲಿನಲ್ಲಿ, ಅವರು ಮಾಡಬೇಕಾದ ಕೆಲಸ ಕೊನೆಯ ಸಾಲಿನಲ್ಲಿ.

ಹೇಳಿದರೆ ಬೈತಾರೆ ಅಂತ ಭಯ ಇರುತ್ತೆ, ಗೊತ್ತು. ಕೆಲವರು ಬೈಯುತ್ತಾರೆ ಕೂಡ, ಸುದ್ದಿ ತಂದವನಿಗೇ. ಅಂಥ ಲೀಡ್ ಇದ್ದರೆ ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಹಾಕಿ. ತಾರೀಖು ಸಮೇತ ಇರುತ್ತೆ.

ಪ್ರಶ್ನೆ: ನನ್ನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ಹಬ್ಬಕ್ಕೆ ಊರಿಗೆ ಬಂದರೂ ಕಿವಿಗೆ ಅದೊಂದು ಸಿಗಿಸ್ಕೊಂಡು ದಿನವೆಲ್ಲಾ ಮಾತಾಡ್ತಾನೇ ಇರ್ತಾನೆ. ನಮ್ಮ ಹತ್ರ ಮಾತಾಡು ಅಂದ್ರೆ ‘ಸುಸ್ತಾಗಿದೆ ಅವ್ವ’ ಅಂತಾನೆ. ಬರೀ ಮಾತಾಡೋಕೆ ಸಂಬಳ ಕೊಡ್ತಾರಾ?
– ತಾಯಿ, ಹೊನ್ನಾಳಿ

ಉತ್ತರ: ಕೊಡ್ತಾರೆ ಅಮ್ಮ, ನಿಮಗೆ ತಮಾಷೆ ಅನ್ನಿಸಬಹುದು. ನಾಲ್ಕು ಜನ ಸೇರಿ ಒಂದು ಕೆಲಸ ಮಾಡಿದರೆ ಯಾರು ಯಾರ ಹತ್ತಿರ ಮಾತಾಡಬೇಕು ಅಂತ ಲೆಕ್ಕ ಹಾಕಿ, ಆರು ಜೋಡಿ ಆಗುತ್ತೆ. ಹತ್ತು ಜನ ಆದರೆ ನಲವತ್ತೈದು ಜೋಡಿ. ಮದುವೆ ಮನೆಯಲ್ಲಿ ಅಡಿಗೆಯವರು, ಶಾಮಿಯಾನದವರು, ಓಲಗದವರು ಒಬ್ಬರಿಗೊಬ್ಬರು ಹೇಳಿಕೊಳ್ಳದಿದ್ದರೆ ಏನಾಗುತ್ತೆ ನೀವೇ ನೋಡಿದ್ದೀರಲ್ಲ, ಅದೇ ಕಥೆ. ಅದಕ್ಕೇ ನಮ್ಮ ಕೆಲಸದಲ್ಲಿ ತಡ ಆಯ್ತು ಅಂತ ಕೊನೇ ಗಳಿಗೆಯಲ್ಲಿ ಇನ್ನಷ್ಟು ಜನ ಸೇರಿಸಿದರೆ ಇನ್ನೂ ತಡ ಆಗುತ್ತೆ. ಹೊಸಬರಿಗೆ ಹೇಳಿಕೊಡುವುದರಲ್ಲೇ ಹಳಬರ ದಿನ ಹೋಗುತ್ತೆ.

ಮಗನ ಸುಸ್ತು ಸುಳ್ಳಲ್ಲ. ಆದರೆ ಒಂದು ಉಪಾಯ ಇದೆ. ಸಾಫ್ಟ್‌ವೇರಿನವರು ಕೆಲವರು ಮೇಜಿನ ಮೇಲೆ ಒಂದು ರಬ್ಬರ್ ಬಾತುಕೋಳಿ ಇಟ್ಟುಕೊಂಡಿರುತ್ತಾರೆ, ನಿಜವಾಗಿಯೂ. ಕೋಡ್ ಎಲ್ಲಿ ತಪ್ಪಿದೆ ಅಂತ ಗೊತ್ತಾಗದಿದ್ದರೆ ಆ ಬಾತುಕೋಳಿಗೆ ಮೊದಲಿಂದ ಒಂದೊಂದೇ ಸಾಲು ವಿವರಿಸುತ್ತಾರೆ. ಅರ್ಧ ಹೇಳುವಷ್ಟರಲ್ಲಿ ತಪ್ಪು ತಾನಾಗೇ ಹೊಳೆಯುತ್ತೆ. ಮುಂದಿನ ಸಲ ಅವನು ಬಂದಾಗ, ‘ಏನೋ ಅದು ನಿನ್ನ ಕೆಲಸ, ನನಗೆ ತಿಳಿಯೋ ಹಾಗೆ ಹೇಳು’ ಅಂತ ರೊಟ್ಟಿ ಬಡಿಯುತ್ತಾ ಕೇಳಿ. ಬಾತುಕೋಳಿಗಿಂತ ನೀವು ಮೇಲು, ಎದುರು ಪ್ರಶ್ನೆ ಕೇಳುತ್ತೀರಿ.

ಪ್ರಶ್ನೆ: ಅಮೆರಿಕದ ಕ್ಲೈಂಟ್ ಜೊತೆ ಬರೀ ಮೇಲ್‌ನಲ್ಲೇ ಕೆಲಸ. ನಾನು ತುಂಬಾ ಮರ್ಯಾದೆಯಿಂದ ಬರೀತೀನಿ, ಅವರು ಒಂದೇ ಸಾಲು, ‘ಡಿಯರ್’ ಕೂಡ ಇಲ್ಲ. ನನ್ನ ಮೇಲೆ ಸಿಟ್ಟಿರಬಹುದಾ ಮೇಡಂ? ರಾತ್ರಿ ನಿದ್ದೆ ಬರ್ತಿಲ್ಲ.
– ಟೆಸ್ಟಿಂಗ್ ಇಂಜಿನಿಯರ್, ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ನಿದ್ದೆ ಮಾಡಿ. ಒಂದೇ ಸಾಲು ಬರೆಯುವುದು ಬಹಳ ಸಲ ಅವರ ರೂಢಿ ಅಷ್ಟೆ, ಸಿಟ್ಟಲ್ಲ. ಆದರೆ ನಾವು ಮರ್ಯಾದೆ ಅಂತ ಬರೆದದ್ದು ಅವರಿಗೆ ಹೇಗೆ ಕೇಳಿಸುತ್ತೆ ಅನ್ನುವುದನ್ನ ಒಂದು ಸಲ ನೋಡಿಕೊಳ್ಳಿ. ನನ್ನದೇ ಕಥೆ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಕ್ಲೈಂಟ್ ಕಡೆಯವರು ಒಂದು ಡೇಟಾಬೇಸ್ ಡಿಸೈನ್ ಕಳಿಸಿದ್ದರು. ನನಗೆ ಮೂರು ಕಡೆ ಅರ್ಥ ಆಗಿರಲಿಲ್ಲ. ಕ್ಲಾಸಿನಲ್ಲಿ ಮೇಷ್ಟ್ರಿಗೆ ಕೇಳುವ ಹಾಗೆ, ‘ಐ ಹ್ಯಾವ್ ಸಮ್ ಡೌಟ್ಸ್ ಅಬೌಟ್ ಯುವರ್ ಡಿಸೈನ್’ ಅಂತ ಬರೆದೆ. ನಮ್ಮ ಕಡೆ ಡೌಟ್ ಅಂದರೆ ಪ್ರಶ್ನೆ, ಅಷ್ಟೇ ಅಲ್ವಾ? ಅವರಿಗೆ ಡೌಟ್ ಅಂದರೆ ಅನುಮಾನ. ಹೊಸದಾಗಿ ಸೇರಿದ ಹುಡುಗಿ ನಿಮ್ಮ ಡಿಸೈನ್ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಬರೆದಳು ಅಂತ ಆಯಿತು. ಮೂರು ದಿನ ಉತ್ತರವೇ ಇಲ್ಲ. ನಾಲ್ಕನೇ ದಿನ ನನ್ನ ಮ್ಯಾನೇಜರ್ ಕರೆದು, ಏನಮ್ಮಾ ಇದು ಅಂದರು. ನಾನು ಅಳುವುದೊಂದು ಬಾಕಿ. ‘ಕ್ವೆಶ್ಚನ್ಸ್’ ಅಂತ ಬದಲಾಯಿಸಿ ಇನ್ನೊಂದು ಮೇಲ್ ಹಾಕಿದೆ, ಅರ್ಧ ಗಂಟೆಯಲ್ಲಿ ನಗುಮುಖದ ಉತ್ತರ ಬಂತು. ‘ಡೂ ದ ನೀಡ್‌ಫುಲ್’, ಅಂದರೆ ಆಗಬೇಕಾದದ್ದನ್ನ ಮಾಡಿ, ಅನ್ನುವುದು ಕೂಡ ಹಾಗೇ. ಏನು ನೀಡ್‌ಫುಲ್ ಅಂತ ಬರೆಯದಿದ್ದರೆ ಅವರು ಮಾಡುವುದಾದರೂ ಏನನ್ನ?

ತಾರೀಖು ಇನ್ನೊಂದು ಗುಂಡಿ. 03/04 ಅಂದರೆ ನಮಗೆ ಏಪ್ರಿಲ್ 3, ಅವರಿಗೆ ಮಾರ್ಚ್ 4. ತಿಂಗಳ ಹೆಸರು ಅಕ್ಷರದಲ್ಲೇ ಬರೆಯಿರಿ, ಒಂದು ಸೆಕೆಂಡ್ ಜಾಸ್ತಿ ಹಿಡಿಯುತ್ತೆ ಅಷ್ಟೆ. ‘ಇಂದು ಸಂಜೆಯೊಳಗೆ’ ಅಂತ ಬರೆದರೂ ಯಾರ ಸಂಜೆ ಅನ್ನುವುದು ಬರುತ್ತೆ, ಇಲ್ಲಿ ಸಂಜೆ ಆರು ಆದಾಗ ನ್ಯೂಯಾರ್ಕಿನಲ್ಲಿ ಇನ್ನೂ ಬೆಳಗ್ಗೆ ಏಳೂವರೆ ಅಥವಾ ಎಂಟೂವರೆ, ಬೇಸಿಗೆ ಚಳಿಗಾಲಕ್ಕೆ ಅವರು ಗಡಿಯಾರ ಬದಲಾಯಿಸುತ್ತಾರೆ ಬೇರೆ.

ಇದಕ್ಕೆಲ್ಲ ಔಷಧಿ ನಮ್ಮ ಬೆಣ್ಣೆ ದೋಸೆ ಹೋಟೆಲಿನಲ್ಲೇ ಇದೆ. ಭಾನುವಾರ ಬೆಳಗ್ಗೆ ಹೋಗಿ ನೋಡಿ, ಬಾಗಿಲವರೆಗೆ ಜನ. ಆರ್ಡರ್ ತಗೊಳ್ಳುವ ಹುಡುಗನ ಕೈಯಲ್ಲಿ ಚೀಟಿ ಇಲ್ಲ. ನೀವು ಹೇಳಿದ್ದನ್ನ ನಿಮ್ಮ ಮುಖ ನೋಡಿಕೊಂಡೇ ವಾಪಸ್ ಹೇಳುತ್ತಾನೆ, ‘ಎರಡು ಬೆಣ್ಣೆ, ಒಂದು ಖಾಲಿ’. ನೀವು ಹೂಂ ಅಂದ ಮೇಲೆ ಒಲೆಯ ಕಡೆ ತಿರುಗಿ ಕೂಗುತ್ತಾನೆ. ಸೌದೆ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತವರು ತಲೆ ಎತ್ತದೆ ಅದನ್ನೇ ಇನ್ನೊಂದು ಸಲ ಹೇಳುತ್ತಾರೆ, ‘ಎರಡು ಬೆಣ್ಣೆ, ಒಂದು ಖಾಲಿ’. ಮೂರು ಸಲ ಆಯಿತು. ನಾನಂತೂ ಪ್ರತಿ ಕಾಲ್ ಮುಗಿದ ಮೇಲೆ ‘ನನಗೆ ಅರ್ಥ ಆದದ್ದು ಇಷ್ಟು, ಸರಿ ಇದೆಯಾ’ ಅಂತ ನಾಲ್ಕು ಸಾಲು ಬರೆದು ಹಾಕುತ್ತೇನೆ. ಐದಕ್ಕೆ ಒಂದು ಸಲ ‘ಇಲ್ಲ, ಅದಲ್ಲ’ ಅಂತ ಉತ್ತರ ಬರುತ್ತೆ.

ಪ್ರಶ್ನೆ: ಟೀಂ ಲೀಡ್ ಆಗಿ ಒಂದು ವರ್ಷ. ದೊಡ್ಡವರ ಮುಂದೆ ಪ್ರೆಸೆಂಟೇಷನ್ ಮಾಡ್ತೀನಿ, ನಲವತ್ತು ಸ್ಲೈಡ್, ಎಲ್ಲ ವಿವರ ಇರುತ್ತೆ. ಎಲ್ಲರೂ ‘ಗುಡ್ ಜಾಬ್’ ಅಂತಾರೆ. ಆದರೆ ನಾನು ಕೇಳಿದ ಹೊಸ ಸರ್ವರ್ ಆರು ತಿಂಗಳಾದರೂ ಬಂದಿಲ್ಲ. ಹಳೇದು ಯಾವತ್ತು ಕೈ ಕೊಡುತ್ತೋ ಗೊತ್ತಿಲ್ಲ.
– ಓದುಗರು, ಚಿತ್ರದುರ್ಗ

ಉತ್ತರ: ಹೊಸ ಸರ್ವರ್ ಬೇಕು ಅನ್ನುವುದು ಎಷ್ಟನೇ ಸ್ಲೈಡಿನಲ್ಲಿತ್ತು? ನನಗನ್ನಿಸುತ್ತೆ ಮೂವತ್ತರ ಆಚೆ, ಸಣ್ಣ ಅಕ್ಷರದಲ್ಲಿ.

ಸುಮ್ನೆ ಊಹೆ ಅಲ್ಲ ಇದು, ಎಲ್ಲರೂ ಮಾಡುವ ತಪ್ಪು, ನಾಸಾದಲ್ಲೂ ಆಗಿದೆ. ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಗೊತ್ತಲ್ಲ. 2003ರ ಜನವರಿ 16ಕ್ಕೆ ಹಾರಿತು. ಹಾರಿ ಸುಮಾರು 82 ಸೆಕೆಂಡಿಗೆ ದೊಡ್ಡ ಇಂಧನ ಟ್ಯಾಂಕಿನಿಂದ ಒಂದು ಫೋಮ್ ತುಂಡು ಕಿತ್ತುಕೊಂಡು ಬಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲೆ ಇರುವಾಗಲೇ, ಇದರಿಂದ ಅಪಾಯ ಇದೆಯಾ ಅಂತ ಇಂಜಿನಿಯರುಗಳು ಲೆಕ್ಕ ಹಾಕಿ ಪವರ್‌ಪಾಯಿಂಟ್ ಮಾಡಿ ತೋರಿಸಿದರು. ಅದರಲ್ಲಿ ಒಂದು ಸ್ಲೈಡ್ ಇದೆ. ಮೇಲೆ ದೊಡ್ಡ ಅಕ್ಷರದಲ್ಲಿ ಧೈರ್ಯ ತುಂಬುವ ಹಾಗಿರುವ ಶೀರ್ಷಿಕೆ. ಕೆಳಗೆ ಬುಲೆಟ್, ಬುಲೆಟ್‌ನೊಳಗೆ ಬುಲೆಟ್, ಅದರೊಳಗೆ ಇನ್ನೊಂದು. ‘ಗಣನೀಯ’ ಅನ್ನುವ ಅರ್ಥದ ಮಾತು ಐದು ಸಲ, ಬೇರೆ ಬೇರೆ ಅರ್ಥದಲ್ಲಿ. ಕಟ್ಟಕಡೆಯಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಏನಿತ್ತು ಗೊತ್ತಾ? ಹಿಂದೆ ಪರೀಕ್ಷೆ ಮಾಡಿದ ಫೋಮ್ ತುಂಡು 3 ಘನ ಅಂಗುಲ, ಈಗ ಬಡಿದದ್ದು 1920 ಘನ ಅಂಗುಲ. ಅಂದರೆ 640 ಪಟ್ಟು! ಕಡಲೆಪುರಿ ಎಸೆದು ನೋಡಿ ಗಾಜು ಒಡೆಯಲಿಲ್ಲ ಅಂದುಕೊಂಡು, ತೆಂಗಿನಕಾಯಿ ಬಿದ್ದರೂ ಒಡೆಯಲ್ಲ ಅಂದ ಹಾಗೆ. ಆ ಲೆಕ್ಕ ಸ್ಲೈಡಿನಲ್ಲೇ ಇತ್ತು. ಓದಿದವರ ತಲೆಗೆ ಹೋಗಲಿಲ್ಲ.

ಫೆಬ್ರವರಿ 1ಕ್ಕೆ ವಾಪಸ್ ಬರುವಾಗ ನೌಕೆ ಚೂರಾಯಿತು, ಏಳು ಜನರೂ ಹೋದರು. ಬರೀ ಸ್ಲೈಡಿನಿಂದ ಹೀಗಾಯಿತು ಅಂತ ಹೇಳುವುದು ತಪ್ಪು. ರೆಕ್ಕೆಯ ಫೋಟೋ ತೆಗೆಸಿ ನೋಡೋಣ ಅಂತ ಕೇಳಿದವರ ಮಾತೂ ಮೇಲಿನವರೆಗೆ ಮುಟ್ಟಲಿಲ್ಲ. ಆದರೆ ತನಿಖಾ ಮಂಡಳಿಯವರು ತಮ್ಮ ವರದಿಯಲ್ಲಿ ಆ ಸ್ಲೈಡನ್ನ ಹಾಕಿ, ಇಷ್ಟು ದೊಡ್ಡ ವಿಷಯವನ್ನ ಹೀಗೆ ಹೇಳಬಾರದಿತ್ತು ಅಂತ ಬಿಡಿಸಿ ತೋರಿಸಿದರು.

ನೀವು ಮುಂದಿನ ಸಲ ಸ್ಲೈಡೇ ಒಯ್ಯಬೇಡಿ. ಒಂದೇ ಪುಟ ಬರೆದುಕೊಂಡು ಹೋಗಿ. ಮೊದಲ ಸಾಲು: ‘ನವೆಂಬರ್ ಒಳಗೆ ಹೊಸ ಸರ್ವರ್ ಬೇಕು, ಇಷ್ಟು ದುಡ್ಡು.’ ಎರಡನೇ ಸಾಲು: ‘ಹಳೆಯದು ಈ ವರ್ಷ ಇಷ್ಟು ಸಲ ನಿಂತಿದೆ, ನಿಂತಾಗಲೆಲ್ಲ ಇಷ್ಟು ಗಂಟೆ ಬಿಲ್ ಆಗಿಲ್ಲ.’ ಮೂರನೆಯದು: ‘ಇವತ್ತು ಹೌದು ಅಥವಾ ಇಲ್ಲ ಅಂತ ಹೇಳಬೇಕು.’ ಪುಟ ಕೊಟ್ಟು ಸುಮ್ಮನೆ ಕೂತುಬಿಡಿ. ನಮ್ಮವರಿಗೆ ಕಷ್ಟ ಆಗುವುದು ಈ ಸುಮ್ಮನೆ ಕೂರುವುದೇ. ಅವರು ಓದುತ್ತಿರುವಾಗ ಮಧ್ಯೆ ಬಾಯಿ ಹಾಕಿ ನಾವೇ ಕೆಡಿಸುತ್ತೇವೆ. ‘ಇಲ್ಲ’ ಅಂದರೂ ಅದು ಉತ್ತರವೇ, ‘ಗುಡ್ ಜಾಬ್’ ಉತ್ತರ ಅಲ್ಲ.

ಪ್ರಶ್ನೆ: ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟು ಸರ್ವಿಸ್ ಮಾಡ್ತೀನಿ. ಸರ್ವರ್ ಡೌನ್ ಆಗಿದೆ ಸಾಹುಕಾರ್ರೇ ಅಂದ್ರೆ ಕೆಟ್ಟದಾಗಿ ಬೈತಾರೆ. ನಾನು ಇರೋದನ್ನೇ ಹೇಳಿದೆ ಅಲ್ವಾ?
– ಸರ್ವಿಸ್ ಹುಡುಗ, ಚನ್ನಗಿರಿ

ಉತ್ತರ: ಇರೋದನ್ನೇ ಹೇಳಿದೆ, ಆದರೆ ನಿನಗೆ ಬೇಕಾದದ್ದನ್ನ ಹೇಳಿದೆ. ಅವರ ಕಡೆ ನಿಂತು ನೋಡು. ಎದುರಿಗೆ ರೈತ ರಾಶಿ ಅಡಿಕೆ ಚೀಲ ಇಳಿಸಿ ನಿಂತಿದ್ದಾನೆ, ತೂಕ ಆಗಿದೆ, ರೇಟ್ ಮಾತಾಗಿದೆ, ಅವನಿಗೆ ಬಸ್ಸಿಗೆ ಹೊತ್ತಾಗಿದೆ. ಸ್ಕ್ರೀನ್ ಮೇಲೆ ಇಂಗ್ಲಿಷಿನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’. ಈಗ ಸಾಹುಕಾರರಿಗೆ ಗೊತ್ತಾಗಬೇಕಾದದ್ದು ಮೂರೇ: ಏನು ಆಗಲ್ಲ, ಅಷ್ಟರವರೆಗೆ ಏನು ಮಾಡಬಹುದು, ಎಷ್ಟು ಹೊತ್ತಿಗೆ ಸರಿ ಹೋಗುತ್ತೆ. ‘ಸಾಹುಕಾರ್ರೇ, ಈಗ ಕಂಪ್ಯೂಟರ್ ಬಿಲ್ ಬರಲ್ಲ. ತೂಕ, ರೇಟು ಕೈಪುಸ್ತಕದಲ್ಲಿ ಬರ್ಕೊಂಡು ಚೀಟಿ ಕೊಡಿ, ಹಳೇ ಲೆಕ್ಕ ಏನೂ ಹೋಗಿಲ್ಲ. ನಾಲ್ಕು ಗಂಟೆಗೆ ನಾನೇ ಫೋನ್ ಮಾಡ್ತೀನಿ.’

‘ಹಳೇ ಲೆಕ್ಕ ಹೋಗಿಲ್ಲ’ ಅನ್ನುವ ಮಾತು ಬಿಡಬೇಡ. ಬೈಗುಳದ ಹಿಂದೆ ಇರುವ ಭಯ ಅದೇ. ನಾಲ್ಕಕ್ಕೆ ಸರಿ ಹೋಗದಿದ್ದರೂ ನಾಲ್ಕಕ್ಕೆ ಫೋನ್ ಮಾಡು, ಇನ್ನೂ ಆಗಿಲ್ಲ ಅಂತ ಹೇಳೋಕೆ. ಆಮೇಲೆ ಬಿಡುವಾದಾಗ ಆ ಎರರ್ ಮೆಸೇಜನ್ನ ಕನ್ನಡಕ್ಕೆ ಬದಲಾಯಿಸು. ಸಾಫ್ಟ್‌ವೇರ್ ನಿನ್ನದೇ ತಾನೆ, ಯಾರ ಪರ್ಮಿಷನ್ ಬೇಕು?

ಪ್ರಶ್ನೆ: ನಾನು ಹುಟ್ಟಿನಿಂದಲೇ ಮಾತು ಕಡಿಮೆ. ಈ ಫೀಲ್ಡಿಗೆ ಆಗಲ್ವಾ?
– ಓದುಗಳು, ಚಳ್ಳಕೆರೆ

ಉತ್ತರ: ಯಾಕಾಗಲ್ಲ? ದನದ ಸಂತೆಯಲ್ಲಿ ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದೇ ವ್ಯಾಪಾರ ಮುಗಿಸುವವರನ್ನ ನೋಡಿದ್ದೀರಲ್ಲ. ಒಂದು ಮಾತಿಲ್ಲ, ಆದರೆ ರೇಟು ಇಬ್ಬರಿಗೂ ಒಂದೇ ಗೊತ್ತು. ಮೀಟಿಂಗಿನಲ್ಲಿ ಅರ್ಧ ಗಂಟೆ ಮಾತಾಡಿದವರಿಗಿಂತ, ಮೀಟಿಂಗ್ ಮುಗಿದ ಮೇಲೆ ಏನು ತೀರ್ಮಾನ ಆಯಿತು ಅಂತ ಐದು ಸಾಲು ಬರೆದು ಎಲ್ಲರಿಗೂ ಕಳಿಸುವವರು ನನಗೆ ಜಾಸ್ತಿ ಬೇಕು. ಆ ಕೆಲಸ ನೀವು ತಗೊಳ್ಳಿ, ಯಾರೂ ಜಗಳಕ್ಕೆ ಬರಲ್ಲ, ಯಾರಿಗೂ ಅದು ಇಷ್ಟ ಇಲ್ಲ.

ಪ್ರಶ್ನೆ: ಈಗ ಚಾಟ್‌ಜಿಪಿಟಿನೇ ಮೇಲ್ ಬರೆದುಕೊಡುತ್ತೆ. ಇನ್ನು ಇದನ್ನೆಲ್ಲ ಕಲಿಯೋದು ಯಾಕೆ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಬಳಸಿ, ನಾನೂ ಬಳಸುತ್ತೇನೆ. ಕನ್ನಡದಲ್ಲಿ ಹೇಳಿ ಇಂಗ್ಲಿಷ್ ಮಾಡಿಸಿಕೊಳ್ಳೋಕೆ ಚೆನ್ನಾಗಿದೆ, ಮೇಲೆ ಬರೆದ ಜಗಳೂರಿನ ಹುಡುಗನಿಗೂ ಉಪಯೋಗ ಆಗುತ್ತೆ. ಕಂಪನಿಯ ಕೋಡು, ಗ್ರಾಹಕರ ವಿವರ ಮಾತ್ರ ಅದರಲ್ಲಿ ಹಾಕಬೇಡಿ, ಕೆಲಸ ಹೋಗುತ್ತೆ. ಆದರೆ ಬ್ಯಾಂಕಿನ ಕೀ ಮಂಗಳವಾರ ಬರಲಿಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನ ನೀವೇ ಹೇಳಬೇಕು, ಮಂಗಳವಾರವೇ ಹೇಳಬೇಕು.

ಇನ್ನೊಂದು ಹೊಸ ಕಾಟ ಶುರುವಾಗಿದೆ. ನಮ್ಮ ಟೀಮಿನ ಒಬ್ಬ ಹುಡುಗ ‘ನಾಳೆ ರಜ ಬೇಕು, ತಂಗಿ ನಿಶ್ಚಿತಾರ್ಥ’ ಅನ್ನುವುದನ್ನ ಅದಕ್ಕೆ ಕೊಟ್ಟು ಮುಕ್ಕಾಲು ಪುಟ ಮಾಡಿಸಿ ಕಳಿಸಿದ್ದ. ಈ ಮೇಲ್ ತಲುಪುವಾಗ ನೀವು ಕ್ಷೇಮವಾಗಿರುತ್ತೀರಿ ಎಂದು ನಂಬಿದ್ದೇನೆ ಅಂತ ಶುರು. ರಜದ ಸುದ್ದಿ ಮೂರನೇ ಪ್ಯಾರಾದಲ್ಲಿ. ನಾನು ಮೊದಲ ಪ್ಯಾರಾ ಓದಿ, ಏನೋ ಕೆಲಸ ಬಿಡ್ತಿದ್ದಾನೆ ಅಂದುಕೊಂಡು ಗಾಬರಿಯಾಗಿ ಅವನಿಗೆ ಫೋನ್ ಮಾಡಿದೆ. ಅವನು ಆಗಲೇ ಬಸ್ಸಿನಲ್ಲಿದ್ದ.